ಮಗಳಿಗೊಂದು ಪತ್ರ: ಆಪರೇಷನ್‌ಗೆ ಯಾಕೆ ಹೂಂ ಅಂದೆ ಅಂದ್ರೆ

ಪುಟ್ಟಿ,

ಫೋನಲ್ಲಿ ಈ ವಿಷಯ ಎತ್ತಿದ್ರೆ ನಿಂಗೆ ಅಳು ಬರುತ್ತೆ, ನೀನು ಅತ್ರೆ ನಂಗೆ ಮಾತು ಹೊರಡಲ್ಲ, ಆಮೇಲೆ ನಿಮ್ಮಮ್ಮ ಫೋನ್ ಕಿತ್ಕೊಂಡು ಇಬ್ರಿಗೂ ಸೇರ್ಸಿ ಬೈತಾಳೆ. ಅದಕ್ಕೇ ಕೂತ್ಕೊಂಡು ಟೈಪ್ ಮಾಡ್ತಿದೀನಿ. ಉದ್ದ ಆಗುತ್ತೆ, ಪುರುಸೊತ್ತಾದಾಗ ಓದು.

ನೀನು ಕೇಳಿದ್ದು ಏನು, ಇಷ್ಟು ವರ್ಷ ಹೇಗೋ ಸಂಭಾಳಿಸ್ಕೊಂಡು ಬಂದಿದೀಯಲ್ಲಪ್ಪ, ಹೊಸ ಹೊಸ ಇಂಜೆಕ್ಷನ್ ಬರ್ತಾನೇ ಇದಾವೆ, ಅದನ್ನ ಟ್ರೈ ಮಾಡದೆ ದೊಡ್ಡ ಕರುಳನ್ನೇ ತೆಗೆಸ್ಬಿಡ್ತೀನಿ ಅಂದ್ರೆ ಹೇಗೆ ಅಂತ. ಅಮ್ಮ ನಿಂಗೆ ಅರ್ಧ ಹೇಳಿದಾಳೆ. ಉಳಿದರ್ಧ ನಾನು ಹೇಳ್ತೀನಿ.

ಈ ಅಲ್ಸರೇಟಿವ್ ಕೊಲೈಟಿಸ್ ಇರೋದು ದೊಡ್ಡ ಕರುಳಿನ ಒಳಪದರದಲ್ಲಿ, ಗುದದ್ವಾರದ ಹತ್ರ ಶುರುವಾಗಿ ಮೇಲಕ್ಕೆ ಹಬ್ಬುತ್ತೆ, ನಂಗೆ ಪೂರ್ತಿ ಹಬ್ಬಿದೆ. ಒಂದೇ ಜಾಗ ವರ್ಷಗಟ್ಟಲೆ ಹುಣ್ಣಾಗಿ ಮಾಗಿ ಮತ್ತೆ ಹುಣ್ಣಾಗ್ತಿದ್ರೆ ಅಲ್ಲಿನ ಜೀವಕೋಶಗಳ ರೂಪ ಬದಲಾಗೋಕೆ ಶುರುವಾಗ್ಬಹುದು. ಅದಕ್ಕೇ ಕಾಯಿಲೆ ಶುರುವಾಗಿ 8 ವರ್ಷ ಆದ್ಮೇಲೆ ಆರಾಮಾಗಿದ್ರೂ ಆಗಾಗ ಕೊಲೊನೋಸ್ಕೋಪಿ, ಅಂದ್ರೆ ಕ್ಯಾಮೆರಾ ಇರೋ ಕೊಳವೆ ಹಾಕಿ ದೊಡ್ಡ ಕರುಳಿನ ಒಳಗೆ ನೋಡೋದು, ಮಾಡಿಸ್ಕೊಳ್ಲೇಬೇಕು ಅಂತಾರೆ. ಈ ಸಲ ಚೂರು ಚೂರು ತೆಗೆದು ಪರೀಕ್ಷೆ ಮಾಡಿದ ಬಯಾಪ್ಸಿಯಲ್ಲಿ ಒಂದಕ್ಕಿಂತ ಹೆಚ್ಚು ಜಾಗದಲ್ಲಿ ಡಿಸ್ಪ್ಲೇಸಿಯಾ ಅಂತ ಬಂತು. ಕ್ಯಾನ್ಸರ್ ಅಲ್ಲ. ಈ ಸಾಲನ್ನ ಇನ್ನೊಂದ್ಸಲ ಓದ್ಕೋ. ಆದ್ರೆ ಆ ದಾರಿ ಹಿಡಿಬಹುದಾದ ಕೋಶಗಳು, ಅದೂ ಕಣ್ಣಿಗೆ ಗಂಟು ಅಂತ ಕಾಣಿಸಿದ್ರೆ ಅಷ್ಟನ್ನೇ ಕತ್ತರಿಸಿ ತೆಗಿಬಹುದಿತ್ತು, ಸಪಾಟಾಗಿ ಅಲ್ಲಲ್ಲಿ ಇದ್ರೆ ಯಾವುದನ್ನ ಅಂತ ತೆಗಿತಾರೆ? ಇಂಜೆಕ್ಷನ್ ಉರಿಯೂತ ಇಳಿಸುತ್ತೆ, ಆಗ್ಲೇ ಬದಲಾದ ಕೋಶಾನ ಮೊದಲಿನ ಹಾಗೆ ಮಾಡಲ್ಲ. ನಿನ್ನ ಪ್ರಶ್ನೆಗೆ ಉತ್ತರ ಇಷ್ಟೇ.

ಔಷಧಿ ಏನೂ ಬಾಕಿ ಇಟ್ಟಿಲ್ಲ ಕಣೇ. ಮೆಸಲಮಿನ್ ಮಾತ್ರೆ, ಎನಿಮಾ, ಅಜಾಥಯೋಪ್ರಿನ್, ಆಮೇಲೆ ಇನ್ಫ್ಲಿಕ್ಸಿಮ್ಯಾಬ್ ಡ್ರಿಪ್, ಅದು ಒಳ್ಳೇ ಕೆಲಸ ಮಾಡ್ತು, ಬರ್ತಾ ಬರ್ತಾ ಮಂಕಾಯ್ತು. ಮಧ್ಯೆ ಮಧ್ಯೆ ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್. ಸ್ಟೀರಾಯ್ಡ್ ಅಂದ್ರೆ ನಿಂಗೆ ನೆನಪಿರುತ್ತೆ, ನನ್ನ ಮುಖ ಊದ್ಕೊಂಡಿದ್ದು, ರಾತ್ರಿ ನಿದ್ದೆ ಬರದೆ ನಡುರಾತ್ರಿ ನಿನ್ನ ಪುಸ್ತಕದ ಕಪಾಟೆಲ್ಲ ಜೋಡಿಸಿಟ್ಟು ಬೆಳಿಗ್ಗೆ ನಿನ್ನ ಹತ್ರ ಬೈಸ್ಕೊಂಡಿದ್ದು. ಒಳಗೊಳಗೆ ಮೂಳೆ ಸವೆಸುತ್ತೆ, ಶುಗರ್ ಏರಿಸುತ್ತೆ, ಗಾಯ ಬೇಗ ಮಾಗೋಕೆ ಬಿಡಲ್ಲ. ಹಾಗಾಗಿ ಟೈಮಿಂಗ್ ಕೂಡ ಮುಖ್ಯ. ಕಾಯಿಲೆ ಜೋರಾಗಿ ಕೆರಳಿ, ಕರುಳು ಉಬ್ಬಿ ಹರಿಯೋ ಹಂತಕ್ಕೆ ಬಂದು, ಮೈತುಂಬ ಸ್ಟೀರಾಯ್ಡ್ ಇಟ್ಕೊಂಡು ಅರ್ಜೆಂಟಲ್ಲಿ ಟೇಬಲ್ ಮೇಲೆ ಮಲಗೋದು ಬೇರೆ, ಈಗ ಸ್ಟೀರಾಯ್ಡ್ ಇಳಿಸ್ಕೊಂಡು, ಹಿಮೋಗ್ಲೋಬಿನ್ ಸರಿ ಮಾಡ್ಕೊಂಡು, ಒಂಚೂರು ತೂಕ ಏರಿಸ್ಕೊಂಡು ನಾವೇ ಡೇಟ್ ಹಾಕಿಸ್ಕೊಂಡು ಹೋಗೋದು ಬೇರೆ. ಆಪರೇಷನ್ ಮಾಡೋ ಡಾಕ್ಟ್ರೇ ಈ ಮಾತು ಹೇಳಿದ್ರು, ನಂಗೆ ತಕ್ಷಣ ಒಪ್ಪಿಗೆ ಆಯ್ತು.

ಇನ್ನೊಂದು ಕಾರಣ ಇದೆ, ಇದನ್ನ ಡಾಕ್ಟ್ರಿಗಿಂತ ನಿಂಗೆ ಹೇಳೋದು ಕಷ್ಟ. ಜನ ಕೇಳ್ತಾರೆ ದಿನಕ್ಕೆ ಎಷ್ಟು ಸಲ ಹೋಗ್ತೀರ ಅಂತ. ಎಷ್ಟು ಸಲ ಅನ್ನೋದು ದೊಡ್ಡ ವಿಷಯವೇ ಅಲ್ಲಮ್ಮ, ತಡ್ಕೊಳ್ಳೋಕೆ ಆಗಲ್ವಲ್ಲ, ಅದು. ಬರುತ್ತೆ ಅನ್ಸಿದ ಮೇಲೆ ಸಿಗೋದು ಒಂದೋ ಎರಡೋ ನಿಮಿಷ. ಎಲ್ಲಿಗೇ ಹೋಗ್ಲಿ ಮೊದಲು ಟಾಯ್ಲೆಟ್ ಎಲ್ಲಿದೆ ಅಂತ ನೋಡ್ಕೊಳ್ಳೋದು, ಬಾಗಿಲ ಪಕ್ಕದ ಕುರ್ಚೀನೇ ಹಿಡಿಯೋದು, ಬ್ಯಾಗಲ್ಲಿ ಒಂದು ಜೊತೆ ಬಟ್ಟೆ, ಪ್ರಯಾಣ ಇದ್ರೆ ಹಿಂದಿನ ದಿನದಿಂದಾನೇ ಹೊಟ್ಟೆ ಖಾಲಿ. ಎದ್ದು ಓಡಿ ಹೋಗಿ ಕೂತ್ರೆ ಬರೀ ಒಂಚೂರು ರಕ್ತ, ಲೋಳೆ, ಎದ್ದು ಬಂದ್ರೆ ಮತ್ತೆ ಅದೇ. ಇದರ ಮೇಲೆ ಸಿಕ್ಕಿದವರ ಬುದ್ಧಿವಾದ, ಟೆನ್ಷನ್ ಜಾಸ್ತಿ ಮಾಡ್ಕೋತೀರ ಅದಕ್ಕೇ ಹೀಗೆ, ಹೊರಗಡೆ ತಿಂದಿರ್ತೀರ ಅದಕ್ಕೇ ಹೀಗೆ. ನಮ್ಮ ಇಮ್ಯೂನ್ ಸಿಸ್ಟಮ್ಮೇ ನಮ್ಮ ಕರುಳಿನ ಮೇಲೆ ಬೀಳೋ ಕಾಯಿಲೆ ಅಂತ ಹೇಳಿ ಹೇಳಿ ಸಾಕಾಗಿ ಈಗೀಗ ಹೂಂ ಅಂದು ಸುಮ್ಮನಾಗ್ತೀನಿ.

ಈಗ ಏನು ಮಾಡ್ತಾರೆ ಕೇಳು. ಎರಡು ಹಂತ. ಮೊದಲನೇದ್ರಲ್ಲಿ ದೊಡ್ಡ ಕರುಳು, ಅದರ ಕೊನೇ ಭಾಗ ರೆಕ್ಟಮ್ ಸಮೇತ ತೆಗಿತಾರೆ, ಸುಮಾರು ಒಂದೂವರೆ ಮೀಟರ್ ಉದ್ದ ಇರುತ್ತಂತೆ. ಸಣ್ಣ ಕರುಳಿನ ಕೊನೇ ಭಾಗಾನ ಇಂಗ್ಲಿಷ್ ಜೆ ಅಕ್ಷರದ ಹಾಗೆ ಮಡಚಿ ಒಂದು ಚೀಲ ಮಾಡಿ ಕೆಳಗೆ ಗುದದ್ವಾರಕ್ಕೆ ಜೋಡಿಸ್ತಾರೆ, ಜೆ ಪೌಚ್ ಅಂತಾರೆ. ಆ ಹೊಲಿಗೆ ಮಾಗೋ ತನಕ ಅದರ ಮೇಲೆ ಏನೂ ಹಾಯಬಾರ್ದು ಅಂತ ಅದಕ್ಕೂ ಮೇಲಿನ ಸಣ್ಣ ಕರುಳಿನ ಒಂದು ಸುತ್ತನ್ನ ಹೊಟ್ಟೆ ಮೇಲೆ ಹೊರಗೆ ತಂದು ಇಡ್ತಾರೆ, ಅದು ಸ್ಟೊಮಾ, ಅದಕ್ಕೆ ಬ್ಯಾಗ್. ಎರಡು ಮೂರು ತಿಂಗಳು ಬಿಟ್ಟು ಪೌಚ್‌ಗೆ ಡೈ ಬಿಟ್ಟು ಎಕ್ಸ್‌ರೇ ತೆಗೆದು ಎಲ್ಲೂ ಸೋರ್ತಿಲ್ಲ ಅಂತ ಖಾತ್ರಿ ಮಾಡ್ಕೊಂಡು ಸ್ಟೊಮಾ ಮುಚ್ತಾರೆ, ಅದು ಚಿಕ್ಕ ಆಪರೇಷನ್.

ರಾತ್ರಿ ನಿದ್ದೆ ಬರದಿದ್ದಾಗ ಇದರ ಹಿಸ್ಟರಿ ಎಲ್ಲ ಓದ್ದೆ (ನನ್ನ ಸ್ವಭಾವ ಗೊತ್ತಲ್ಲ). ಮೊದಲೆಲ್ಲ ಸ್ಟೊಮಾ ಚರ್ಮದ ಮಟ್ಟಕ್ಕೇ ಇರ್ತಿತ್ತಂತೆ, ಸಣ್ಣ ಕರುಳಿಂದ ಬರೋ ರಸ ಚರ್ಮ ಸುಟ್ಟು ಹಾಕ್ತಿತ್ತಂತೆ. 1952ರಲ್ಲಿ ಬ್ರಯಾನ್ ಬ್ರೂಕ್ ಅನ್ನೋ ಇಂಗ್ಲೆಂಡಿನ ಸರ್ಜನ್ ಕರುಳಿನ ತುದೀನ ಹೊರಮುಖವಾಗಿ ಮಡಚಿ ಸ್ವಲ್ಪ ಎತ್ತರಕ್ಕೆ ನಿಲ್ಲಿಸೋದನ್ನ ತೋರಿಸ್ಕೊಟ್ರು, ಇವತ್ತಿಗೂ ಅದೇ ರೀತಿ. ಒಳಗಡೆ ಪೌಚ್ ಮಾಡೋ ವಿಧಾನಾನ 1978ರಲ್ಲಿ ಲಂಡನ್ನಿನ ಪಾರ್ಕ್ಸ್ ಮತ್ತೆ ನಿಕೋಲ್ಸ್ ಪ್ರಕಟಿಸಿದ್ರು, ಜೆ ಆಕಾರ ಬಂದಿದ್ದು 1980ರಲ್ಲಿ ಜಪಾನಿನ ಉಟ್ಸುನೊಮಿಯ ಅವರಿಂದ. ಅಂದ್ರೆ ನನ್ನ ಮೇಲೆ ಯಾರೂ ಹೊಸದಾಗಿ ಪ್ರಯೋಗ ಮಾಡ್ತಿಲ್ಲ, ಸಮಾಧಾನ ಮಾಡ್ಕೋ.

ಮೊನ್ನೆ ಸ್ಟೊಮಾ ನರ್ಸ್ ಜಾಗ ಗುರುತು ಮಾಡಿದ್ರು. ಅದೇ ಒಂದು ದೊಡ್ಡ ಕಾರ್ಯಕ್ರಮ. ಮಲಗಿ ಅಂದ್ರು, ಕೂತ್ಕೊಳ್ಳಿ ಅಂದ್ರು, ಮುಂದಕ್ಕೆ ಬಗ್ಗಿ ಶೂ ಕಟ್ಟೋ ಹಾಗೆ ಮಾಡಿ ಅಂದ್ರು, ಪ್ಯಾಂಟ್ ಎಲ್ಲಿ ಕಟ್ತೀರ ತೋರಿಸಿ ಅಂದ್ರು. ಹೊಟ್ಟೆ ಎಲ್ಲಿ ಮಡಿಕೆ ಬೀಳುತ್ತೆ ಅಂತ ನೋಡೋದು, ಮಡಿಕೇಲಿ ಬಂದ್ರೆ ಬ್ಯಾಗ್ ಅಂಟಲ್ಲ, ಸೋರುತ್ತೆ. ಕೊನೆಗೆ ಹೊಕ್ಕಳಿಂದ ಸ್ವಲ್ಪ ಕೆಳಗೆ ಬಲಕ್ಕೆ ಮಾರ್ಕರ್ ಪೆನ್ನಲ್ಲಿ ಒಂದು ಚುಕ್ಕೆ ಇಟ್ಟು, ಕೂತಾಗ್ಲೂ ನಿಂತಾಗ್ಲೂ ಅದು ನಿಮ್ಮ ಕಣ್ಣಿಗೆ ಕಾಣುತ್ತಾ ಅಂತ ಕೇಳಿದ್ರು, ಕಾಣ್ಬೇಕು, ಯಾಕಂದ್ರೆ ಕ್ಲೀನ್ ಮಾಡೋನು ನಾನೇ. ಆಮೇಲೆ ಒಂದು ಖಾಲಿ ಬ್ಯಾಗಿಗೆ ಸ್ವಲ್ಪ ನೀರು ತುಂಬಿ ಆ ಚುಕ್ಕೆ ಮೇಲೆ ಅಂಟಿಸಿ ಮನೆಗೆ ಕಳ್ಸಿದ್ರು, ಒಂದು ದಿನ ಇಟ್ಕೊಂಡು ನೋಡಿ ಅಂತ. ಶರಟಿನ ಒಳಗೆ ಇಟ್ಕೊಂಡು ಸಾಯಂಕಾಲ ತನಕ ಓಡಾಡ್ದೆ, ನಮ್ಮ ಮನೆಗೆ ಬಂದಿದ್ದ ನಿಮ್ಮ ಚಿಕ್ಕಪ್ಪಂಗೆ ಗೊತ್ತೇ ಆಗ್ಲಿಲ್ಲ. ನಿಮ್ಮಮ್ಮ ಮಾತ್ರ ಕಣ್ಣಲ್ಲೇ ನಗ್ತಿದ್ಲು. ಆ ದಿನ ನನ್ನ ಅರ್ಧ ಹೆದರಿಕೆ ಹೋಯ್ತು ಕಣೇ, ಓದಿ ಓದಿ ಹೋಗದೇ ಇದ್ದಿದ್ದು.

ಸ್ಟೊಮಾ ನೋಡಿ ನೀನು ಗಾಬರಿ ಆಗ್ಬಾರ್ದು ಅಂತ ಮೊದಲೇ ಹೇಳಿಡ್ತೀನಿ. ಬಾಯಿ ಒಳಗಿನ ಕೆನ್ನೆ ಹಾಗೆ ಕೆಂಪಗೆ ಒದ್ದೆಯಾಗಿರುತ್ತೆ, ಮುಟ್ಟಿದ್ರೆ ನೋವಿಲ್ಲ, ಒರೆಸೋವಾಗ ಒಂದೆರಡು ಹನಿ ರಕ್ತ ಬಂದ್ರೂ ಗಾಬರಿ ಬೇಡ. ಕೆಂಪು ಹೋಗಿ ಕಪ್ಪಾದ್ರೆ ಮಾತ್ರ ತಕ್ಷಣ ಫೋನ್ ಮಾಡ್ಬೇಕು. ಬ್ಯಾಗ್ ಮೂರರಲ್ಲೊಂದು ಭಾಗ ತುಂಬ್ತಿದ್ದ ಹಾಗೆ ಖಾಲಿ ಮಾಡೋದು. ನೀರು, ಉಪ್ಪು ಹೀರ್ಕೊಳ್ಳೋ ಕೆಲಸ ದೊಡ್ಡ ಕರುಳಿಂದು, ಅದೇ ಇಲ್ಲದ ಮೇಲೆ ಬೇಗ ಡೀಹೈಡ್ರೇಷನ್ ಆಗುತ್ತೆ, ಬರೀ ನೀರು ಲೋಟಗಟ್ಟಲೆ ಕುಡಿಸಿದ್ರೆ ಇನ್ನೂ ಜಾಸ್ತಿ ಹೊರಗೆ ಹೋಗುತ್ತೆ, ಓಆರ್‌ಎಸ್ ಬೇಕು. ಇದನ್ನ ಅಮ್ಮಂಗೆ ನೀನೇ ಹೇಳು, ನಾನು ಹೇಳಿದ್ರೆ ನಂಬಲ್ಲ.

ರಿಸ್ಕ್ ಇಲ್ವಾ ಅಂದ್ರೆ ಇದೆ. ಹೊಲಿಗೆ ಸೋರ್ಬಹುದು, ಇನ್ಫೆಕ್ಷನ್ ಆಗ್ಬಹುದು, ಕಾಲಲ್ಲಿ ರಕ್ತ ಹೆಪ್ಪುಗಟ್ಬಹುದು, ಅದಕ್ಕೆ ಇಂಜೆಕ್ಷನ್ ಕೊಡ್ತಾರೆ, ಮಾರನೇ ದಿನದಿಂದಾನೇ ಎಬ್ಬಿಸಿ ನಡೆಸ್ತಾರೆ. ಇನ್ನು ಕೆಲವು ರಿಸ್ಕ್ ಬಗ್ಗೆ ನಾನೂ ನಿಮ್ಮಮ್ಮಾನೂ ಮಾತಾಡ್ಕೊಂಡಾಗಿದೆ, ನೀನು ಗೂಗಲ್ ಮಾಡ್ಬೇಡ. ಪೌಚ್ ಆದ್ಮೇಲೂ ದಿನಕ್ಕೆ ನಾಲ್ಕರಿಂದ ಎಂಟು ಸಲ, ರಾತ್ರಿ ಒಂದ್ಸಲ ಏಳ್ಬೇಕಾಗ್ಬಹುದು. ಪೌಚ್‌ಗೇ ಉರಿಯೂತ ಆಗೋದೂ ಉಂಟು, ಪೌಚೈಟಿಸ್ ಅಂತ, ಬಹಳ ಜನಕ್ಕೆ ಯಾವಾಗಾದ್ರೂ ಒಂದ್ಸಲ ಬರುತ್ತೆ, ಸಾಮಾನ್ಯವಾಗಿ ಆಂಟಿಬಯೋಟಿಕ್‌ಗೆ ಹೋಗುತ್ತೆ. ಇಷ್ಟೆಲ್ಲ ಇದ್ದು ಏನು ಲಾಭ ಅಂದ್ರೆ, ಎಲ್ಲ ಸರಿಹೋದ್ರೆ ಬಂದಾಗ ಸ್ವಲ್ಪ ಹೊತ್ತು ತಡ್ಕೊಳ್ಳೋಕೆ ಆಗುತ್ತಂತೆ. ಕೆಲವರಿಗೆ ಅರ್ಧ ಗಂಟೆ, ಕೆಲವರಿಗೆ ಇನ್ನೂ ಜಾಸ್ತಿ. ನಿಂಗಿದು ಸಣ್ಣ ವಿಷಯ ಅನ್ಸುತ್ತೆ. ನಂಗೆ ಅಷ್ಟು ಸಿಕ್ರೆ ಸಾಕು, ಆಮೇಲೆ ಬಸ್ಸಲ್ಲಿ ಕಿಟಕಿ ಪಕ್ಕದ ಸೀಟಲ್ಲಿ ಕೂತ್ಕೋತೀನಿ.

ಹೆದರಿಕೆ ಇದ್ಯಾ ಅಂತ ಕೇಳಿದ್ಯಲ್ಲ. ಇದೆ. ಅನಸ್ತೇಶಿಯಾದ್ದು ಅಷ್ಟಿಲ್ಲ. ಮೊದಲ ವಾರ ಮಲಗಿದಲ್ಲೇ ಯಾರೋ ನನ್ನ ಬ್ಯಾಗ್ ಖಾಲಿ ಮಾಡ್ತಾರಲ್ಲ, ಅದು. ಇಷ್ಟು ವರ್ಷ ಬಾಗಿಲು ಹಾಕ್ಕೊಂಡೇ ಕಳೆದಿರೋ ಕಾಯಿಲೆ ಇದು.

ನೀನು ಕೇಳದೇ ಇರೋ ಪ್ರಶ್ನೆ ಒಂದಿದೆ, ನಂಗೂ ಬರುತ್ತಾ ಅಂತ. ಮನೇಲಿ ಒಬ್ರಿಗೆ ಇದ್ರೆ ಬೇರೆಯವರಿಗಿಂತ ಸ್ವಲ್ಪ ಜಾಸ್ತಿ ಸಾಧ್ಯತೆ ಇರೋದು ನಿಜ, ಆದ್ರೆ ಬಹುಪಾಲು ಮಕ್ಕಳಿಗೆ ಬರೋದೇ ಇಲ್ಲ. ಅದಕ್ಕೆ ಅಂತ ಈಗ್ಲೇ ಟೆಸ್ಟ್ ಮಾಡಿಸ್ಕೊಂಡು ಕೂರ್ಬೇಡ. ರಕ್ತ ಕಂಡ್ರೆ, ವಾರಗಟ್ಟಲೆ ಭೇದಿ ನಿಲ್ಲದೇ ಇದ್ರೆ, ಪೈಲ್ಸ್ ಇರ್ಬೇಕು ಅಂತ ನೀನೇ ತೀರ್ಮಾನ ಮಾಡ್ಬೇಡ, ನಾಚಿಕೆ ಪಡ್ಬೇಡ, ಡಾಕ್ಟ್ರ ಹತ್ರ ಹೋಗಿ ಅಪ್ಪನಿಗೆ ಕೊಲೈಟಿಸ್ ಇದೆ ಅಂತ ಮೊದಲ ಮಾತೇ ಹೇಳು.

ರಜೆ ವಿಷಯ. ಆಪರೇಷನ್ ದಿನ ಬರ್ಲೇಬೇಕು ಅಂತ ಹಟ ಮಾಡ್ಬೇಡ, ಆವತ್ತು ನಂಗೆ ಪ್ರಜ್ಞೆಯೇ ಇರಲ್ಲ, ಅಮ್ಮ, ಚಿಕ್ಕಪ್ಪ ಇರ್ತಾರೆ. ರಜೆ ಉಳಿಸ್ಕೊಂಡು ಡಿಸ್ಚಾರ್ಜ್ ಆದ್ಮೇಲೆ ಬಾ, ಆಗ್ಲೇ ಅಮ್ಮಂಗೆ ಕೈ ಸಾಲದೇ ಇರೋದು. ಬರೋವಾಗ ಸಣ್ಣ ಕತ್ತರಿ ತಾ, ಬಾಗಿದ ತುದಿಯದ್ದು, ಬ್ಯಾಗಿನ ತೂತು ಸ್ಟೊಮಾ ಅಳತೆಗೆ ಕತ್ತರಿಸ್ಬೇಕು, ಮನೇಲಿರೋ ಕತ್ತರಿ ಎಲ್ಲ ಮೊಂಡು. ಹಳೇ ರಿಪೋರ್ಟೆಲ್ಲ ಸ್ಕ್ಯಾನ್ ಮಾಡಿ ಒಂದೇ ಫೋಲ್ಡರ್‌ಗೆ ಹಾಕಿ ನಿಂಗೆ ಶೇರ್ ಮಾಡಿದೀನಿ, ಓಪನ್ ಆಗ್ತಿದ್ಯಾ ನೋಡಿ ಮೆಸೇಜ್ ಹಾಕು.

ಅಪ್ಪ