ಮಗಳಿಗೊಂದು ಪತ್ರ: ಹತ್ತು ನಿಮಿಷ ಅಂತ ಹೇಳಿ ಹೋದವನು

ಅಫಜಲಪುರ ತಾಲ್ಲೂಕು
5 ಅಕ್ಟೋಬರ್ 2025

ತಾಯಿ,

ಹರಕೆ ಹೊತ್ತರೆ ಹೊಳೆ ನಿಲ್ಲುತ್ತದಾ ಅಂತ ಬಡಿಸುವವರಿಗೆ ಬೈದು ನೀನು ಊಟ ಬಿಟ್ಟು ಎದ್ದು ಹೋದ ದಿನದ ಮಾತು ಮತ್ತೆ ಎತ್ತುವುದಿಲ್ಲ. ನಿನಗೂ ನೆನಪಿದೆ, ನನಗೂ ಇದೆ, ಮಠದ ಪಂಕ್ತಿಯಲ್ಲಿ ಕೂತಿದ್ದ ಅರ್ಧ ಊರಿಗೂ ಇದೆ. ಫೋನ್ ಮಾಡಿದರೆ ನೀನು ಎತ್ತುತ್ತಿಲ್ಲ. ಎತ್ತಿದರೂ "ಆರಾಮ ಇದ್ದಿಯೇನು, ಅಲ್ಲಿ ಮಳಿ ಅದನು" ಅಂತ ಕೇಳಿ ಇಟ್ಟುಬಿಡುವವನು ನಾನು. ಅದಕ್ಕೆ ಬರೆಯುತ್ತಿದ್ದೇನೆ. ಪಕ್ಕದ ಮನೆ ಹುಡುಗ ಬೆಂಗಳೂರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತೇನೆ.

ಈ ಸಲದ ಭೀಮಾ ಹೊಳೆ ನೀರು ಇಳಿದಿದೆ. ಹಿತ್ತಲ ಗೋಡೆ ಕುಸಿದಿದೆ, ಉಳಿದ ಮನೆ ನಿಂತಿದೆ. ತೊಗರಿ ಹೋಯಿತು. ಬೇರಿಗೆ ನೀರು ನಿಂತರೆ ಅದು ಉಳಿಯಲ್ಲ, ನಿನಗೆ ಗೊತ್ತಲ್ಲ. ಹಳದಿ ತಿರುಗಿ ನಿಂತಿದೆ. ನಾನು ಹೊಲದ ಕಡೆ ಜಾಸ್ತಿ ಹೋಗುತ್ತಿಲ್ಲ.

ನೀನು ಅಂದದ್ದರಲ್ಲಿ ಒಂದು ಮಾತು ಮಾತ್ರ ನನ್ನನ್ನು ಮಲಗಲು ಬಿಡುತ್ತಿಲ್ಲ. "ಆವತ್ತ ನಿನಗ ನಾವು ಬೇಕಾಗಿದ್ದಿಲ್ಲ, ದ್ಯಾವ್ರ ಸಂದೂಕ ಬೇಕಾಗಿತ್ತು." ಐದು ವರ್ಷ ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ತಿರುಗಿದೆಯಾ? ಒಂದು ಸಲವಾದರೂ ಬೈಯಬಾರದಿತ್ತಾ?

2020ರ ಆ ಅಕ್ಟೋಬರ್. ಮಹಾರಾಷ್ಟ್ರದ ಉಜನಿ ಡ್ಯಾಮಿನಿಂದ ನೀರು ಬಿಟ್ಟಿದ್ದಾರೆ, ವೀರ ಡ್ಯಾಮಿನಿಂದಲೂ ಬಿಟ್ಟಿದ್ದಾರೆ, ಸೊನ್ನ ಬ್ಯಾರೇಜಿಗೆ 8 ಲಕ್ಷ ಕ್ಯೂಸೆಕ್ ಬರುತ್ತದಂತೆ ಅಂತ ಊರೆಲ್ಲ ಸುದ್ದಿ. ನಿಮ್ಮನ್ನು ಟ್ರ್ಯಾಕ್ಟರ್ ಹತ್ತಿಸಿ ದಿಬ್ಬದ ಶಾಲೆಗೆ ಬಿಟ್ಟೆ. ತಾಡಪತ್ರಿ ಕೆಳಗೆ ನೀನು ತಮ್ಮನನ್ನು ತೊಡೆ ಮೇಲೆ ಹಾಕಿಕೊಂಡು ಕೂತಿದ್ದೆ. "ಹತ್ತು ನಿಮಿಷ, ಬಂದೆ" ಅಂದು ಹೋದೆ. ಬಂದದ್ದು ಮೂರು ತಾಸಿನ ಮೇಲೆ.

ಆ ಮೂರು ತಾಸು ಏನಾಯಿತು ಅಂತ ಊರಿಗೆಲ್ಲ ಒಂದು ಕಥೆ ಹೇಳಿದ್ದೇನೆ. ಘತ್ತರಗಿಯ ಭಾಗ್ಯವಂತಿ ದೇವಿ ಕೈ ಹಿಡಿದು ದಾಟಿಸಿದಳು ಅಂತ. ನೀನು ಆ ಕಥೆ ಕೇಳಿದಾಗಲೆಲ್ಲ ಮುಖ ತಿರುಗಿಸುತ್ತಿದ್ದೆ. ನಿಜ ಏನಾಯಿತು ಅಂತ ನಿನ್ನ ಅವ್ವನಿಗೂ ಹೇಳಿಲ್ಲ.

ಮನೆ ಹೊಕ್ಕಾಗ ನೀರು ಮೊಳಕಾಲಿಗಿತ್ತು. ಜಗಲಿಯಿಂದ ಸಂದೂಕ ಇಳಿಸಿದೆ. ಅದರಲ್ಲಿ ದೇವಿಯ ಬೆಳ್ಳಿ ಮುಖ, ನಮ್ಮ ಅಪ್ಪನ ಲಿಂಗದ ಕರಡಿಗೆ. ತಿರುಗಿ ನೋಡುವಷ್ಟರಲ್ಲಿ ಬಾಗಿಲಲ್ಲಿ ನೀರು ಸೊಂಟಕ್ಕೆ ಬಂದಿತ್ತು. ಆಗಲೂ ಹೋಗಬಹುದಿತ್ತು. ಹೋಗಲಿಲ್ಲ. ಕಾಲೇ ಏಳಲಿಲ್ಲ. ನಿಚ್ಚಣಿಕೆ ಹತ್ತಿ ಮಾಳಿಗೆ ಮೇಲೆ ಕೂತುಬಿಟ್ಟೆ. ಯಾರದೋ ನಾಯಿ ಒಂದು ಮೊದಲೇ ಬಂದು ಕೂತಿತ್ತು. ಅದು ನನ್ನ ಮುಖ ನೋಡುತ್ತಿತ್ತು, ನಾನು ಅದರ ಮುಖ ನೋಡುತ್ತಿದ್ದೆ. ಕೆಳಗೆ ಪಾತ್ರೆಗಳು ಗೋಡೆಗೆ ಬಡಿಯುವ ಸಪ್ಪಳ. ದಿಬ್ಬದ ಮೇಲೆ ಒಂದು ಬ್ಯಾಟರಿ ಬೆಳಕು ಆ ಕಡೆ ಈ ಕಡೆ ಆಡುತ್ತಿತ್ತು. ನೀನೇ ಆಡಿಸುತ್ತಿದ್ದೀ ಅಂತ ಗೊತ್ತಾಯಿತು. ಕೂಗೋಣ ಅಂದರೆ ದನಿ ಹೊರಡಲಿಲ್ಲ. ದೇವಿಯನ್ನು ಬೇಡಿಕೊಂಡೆ ಅಂದುಕೊಂಡೆಯಾ? ಬೈದೆ. ಬಾಯಿಗೆ ಬಂದಂಗೆ ಬೈದೆ.

ಕೊನೆಗೆ ಅಂಬಿಗರ ಹುಡುಗನೊಬ್ಬ ಟ್ಯೂಬ್ ಕಟ್ಟಿಕೊಂಡು ಬಂದ. ಇಪ್ಪತ್ತು ವರ್ಷವೂ ಇರಲಿಕ್ಕಿಲ್ಲ. "ಕಾಕಾ, ಸಂದೂಕ ಈಕಡಿ ಕೊಡ್ರಿ, ನೀವು ನನ್ನ ಹೆಗಲ ಹಿಡೀರಿ" ಅಂದ. ಅರ್ಧ ದಾರಿಯಲ್ಲಿ ನಾನು ಜಾರಿದೆ. ಅಂಗಿ ಕಾಲರಿಗೆ ಕೈ ಹಾಕಿ ಎಳೆದ. ಶಾಲೆಗೆ ಬಂದಾಗ ಹೆಂಗಸರೆಲ್ಲ ಸಂದೂಕ ನೋಡಿ ಕೈಮುಗಿದರು. ಯಾರೋ ಮುದುಕಿ ನನ್ನ ಕಾಲಿಗೇ ಬಿದ್ದಳು. ಆಗ ಬಾಯಿಂದ ಬಂದೇ ಬಿಟ್ಟಿತು, "ತಾಯಿ ಕೈ ಹಿಡದಳು" ಅಂತ. ಆ ಹುಡುಗ ಅಲ್ಲೇ ಚಹಾ ಕುಡಿಯುತ್ತ ನಿಂತಿದ್ದ. ಒಂದು ಮಾತು ಆಡಲಿಲ್ಲ, ಸುಮ್ನೆ ನಕ್ಕ.

ಆ ನಗು ನನಗೆ ಇವತ್ತಿಗೂ ಕಾಣುತ್ತದೆ. ಅದಕ್ಕಿಂತ ಜಾಸ್ತಿ ಕಾಣುವುದು ನಿನ್ನ ಬ್ಯಾಟರಿ. ಎಷ್ಟು ಹೊತ್ತು ಆಡಿಸಿದೆ ತಾಯಿ? ಸೆಲ್ ಮುಗಿದು ಬೆಳಕು ಕೆಂಪಾಗುವ ತನಕ ನೋಡಿದ್ದೇನೆ. ನಿಮಗಿಂತ ದೇವರು ದೊಡ್ಡದು ಅಂತ ನಾನು ಹೋಗಿರಲಿಲ್ಲ. ನೀವು ಹೆಂಗೂ ದಿಬ್ಬದ ಮೇಲೆ ಇದ್ದೀರಿ, ಬೆಳ್ಳಿ ಮುಖ ಹೋದರೆ ಮತ್ತೆ ಮಾಡಿಸುವ ತಾಕತ್ತು ನನಗಿಲ್ಲ ಅಂತ ಹೋದೆ. ಹಿಂಗೆ ಬರೆದರೆ ಅದೂ ನೆಪದಂಗೆ ಕಾಣುತ್ತದೆ. ತಪ್ಪಾಯಿತು.

ಆದರೆ ನೀನು ಆ ಸಿಟ್ಟನ್ನು ಮಠದ ಅಡುಗೆಮನೆ ಮೇಲೆ ಹಾಕಿದ್ದು ಸರಿಯಲ್ಲ. ಆವತ್ತಿನ ನೀರು ಇಳಿದು ಎಂಟು ದಿನಕ್ಕೆ ನೀನು ಊರು ಬಿಟ್ಟು ಹೋದೆ. ಆಮೇಲಿನದು ನೀನು ನೋಡಲಿಲ್ಲ. ಮನೆಯಲ್ಲಿ ಮೊಳಕಾಲುದ್ದ ರಾಡಿ. ಚೀಲದಲ್ಲಿದ್ದ ಜೋಳ ಮೊಳಕೆ ಒಡೆದಿತ್ತು. ಸರ್ಕಾರ ಕೊಟ್ಟ 10,000 ರೂಪಾಯಿ ಖಾತೆಗೆ ಬಂತು, ಪಾತ್ರೆ ಕೌದಿ ಬಂದವು. ಅದು ನಮ್ಮ ಹಕ್ಕು, ಇಲ್ಲ ಅನ್ನುವುದಿಲ್ಲ. ಆದರೆ ನಿನ್ನ ಅವ್ವ ಮಾತೇ ಬಿಟ್ಟಿದ್ದಳು. ಕಾಳಜಿ ಕೇಂದ್ರದಲ್ಲಿ ದೊಡ್ಡ ಭಕ್ತೆ ಅನಿಸಿಕೊಂಡವಳೊಬ್ಬಳು "ನಿಮ್ಮ ಮನ್ಯಾಗ ಏನೋ ತಪ್ಪಾಗಿರಬೇಕು, ಅದಕ್ಕ ತಾಯಿ ಮುನಿದಾಳ" ಅಂದಿದ್ದಳು. ಅಲ್ಲಿಂದ ಅವ್ವ ದೀಪ ಹಚ್ಚಲಿಲ್ಲ, ಸರಿಯಾಗಿ ಉಣ್ಣಲಿಲ್ಲ. ಘತ್ತರಗಿ ಸೇತುವೆಯೇ ಮುಳುಗಿತ್ತಲ್ಲ, ದೇವಿ ತನ್ನ ಮೇಲೆ ತಾನೇ ಮುನಿದಳಾ ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ.

ಅವಳನ್ನು ಎಬ್ಬಿಸಿದ್ದು ಭಜನೆ ಹೆಂಗಸರು. ಮೊದಲು ಸುಮ್ಮನೆ ಬಂದು ಪಕ್ಕ ಕೂಡುತ್ತಿದ್ದರು. ಬೋಧನೆ ಇಲ್ಲ, ಸಮಾಧಾನವೂ ಇಲ್ಲ. ಒಂದು ದಿನ ಒಬ್ಬಾಕೆ, "ದಾಸೋಹಕ್ಕ ರೊಟ್ಟಿ ಬಡಿಯಾಕ ಕೈ ಕಡಿಮಿ ಆಗ್ಯಾವ, ಬಾ ಯಕ್ಕಾ" ಅಂದಳು. ಎರಡು ವಾರದಿಂದ ಕೈಯೊಡ್ಡಿ ಇಸಿದುಕೊಂಡು ಉಂಡವಳಿಗೆ, ನಿನ್ನ ಕೈ ಬೇಕು ಅಂತ ಯಾರೋ ಕೇಳಿದರು ನೋಡು. ಅವತ್ತು ಹೋದವಳು ನೂರು ರೊಟ್ಟಿ ಬಡಿದು ಬಂದಳು. ರಾತ್ರಿ ಉಪ್ಪು ಕಡಿಮೆ ಅಂತ ನನ್ನನ್ನು ಬೈದಳು. ಅಡುಗೆ ಮಾಡಿದ್ದು ನಾನು. ಆ ಬೈಗುಳ ಕೇಳಿ ನನಗೆ ಅಳು ಬಂತು.

ಅರಳಗುಂಡಗಿಯಿಂದ ಬಂದು ಕಲಬುರಗಿಯಲ್ಲಿ ದಾಸೋಹ ನಡೆಸಿದ ಶರಣಬಸಪ್ಪ ಹೊಲಕ್ಕೆ ಬಿದ್ದ ಹಕ್ಕಿಗಳನ್ನೂ ಓಡಿಸಲಿಲ್ಲ ಅಂತ ನಿನಗೆ ಸಣ್ಣಾಕಿ ಇದ್ದಾಗ ಹೇಳುತ್ತಿದ್ದೆ. 1993ರಲ್ಲಿ ಮಹಾರಾಷ್ಟ್ರದ ಕಿಲಾರಿಯಲ್ಲಿ ಭೂಕಂಪ ಆದಾಗ ನಮ್ಮೂರಿಂದ ರೊಟ್ಟಿ ಗಂಟು ಕಟ್ಟಿಕೊಂಡು ಹೋದವರಲ್ಲಿ ನಾನೂ ಇದ್ದೆ. ಗಣಪತಿ ಕಳಿಸಿ ಮಲಗಿದ ಜನ, ನಸುಕಿನಲ್ಲಿ ಮನೆ ಕಲ್ಲುಗಳ ಕೆಳಗೆ ಹೋಗಿದ್ದರು. ಕೊಡುವವನ ಕಡೆ ನಿಲ್ಲುವುದು ಸುಲಭ ಅಂತ ಆಗ ತಿಳಿಯಲಿಲ್ಲ. ಇಸಿದುಕೊಳ್ಳುವ ಸಾಲಲ್ಲಿ ನಿಂತ ಮೇಲೆ ತಿಳಿಯಿತು. ಈ ಸಲವೂ ಮಠದಿಂದ ಅನ್ನ ಬಂತು, ದರ್ಗಾದವರಿಂದ ಚಾದರ ಬಂತು. ಯಾರೂ ನೀನು ಯಾವ ಜಾತಿ ಅಂತ ಕೇಳಲಿಲ್ಲ. ಕೇಳಿದ್ದರೆ ನಾನೂ ನಿನ್ನಂಗೇ ಎದ್ದು ಹೋಗುತ್ತಿದ್ದೆ.

ನೀರು ಯಾಕೆ ಬಂತು ಅನ್ನುವುದರಲ್ಲಿ ನಿನ್ನ ಮಾತೇ ಸರಿ. ಹರಕೆ ಹೊತ್ತರೆ ಉಜನಿಯ ಗೇಟು ಮುಚ್ಚುವುದಿಲ್ಲ. ಅದಕ್ಕೆ ಅರ್ಜಿ ಬರೆಯಬೇಕು, ಮನೆ ಎತ್ತರಕ್ಕೆ ಹೋಗಬೇಕು. ನೀನು ಓದಿದವಳು, ಅರ್ಜಿ ಬರೆದುಕೊಡು, ನಾನು ಸಹಿ ಹಾಕಿಸುತ್ತೇನೆ. ಆದರೆ ಉಂಡ ಪಂಕ್ತಿಯಲ್ಲಿ ನಿಂತು ಬಡಿಸುವವರ ಮುಖಕ್ಕೆ ಬೈಯಬಾರದು. ಸಿಟ್ಟು ಇದ್ದರೂ ತಟ್ಟೆ ಬಿಟ್ಟು ಏಳಬಾರದು. ರಾತ್ರಿ ರೈಲಿಗೆ ಒಬ್ಬಳೇ ಹೋಗಬಾರದು, ಖಾಲಿ ಹೊಟ್ಟೆಯಲ್ಲಂತೂ... ನೋಡು, ಕ್ಷಮೆ ಕೇಳಲು ಕೂತವನು ಮತ್ತೆ ಮಾಸ್ತರ ಆದೆ. ಎಲ್ಲರ ಮುಂದೆ ಅಪ್ಪನಿಗೆ ಎದುರು ನಿಂತು ಮಾತಾಡಿದಳಲ್ಲ ಅಂತ ಒಳಗೊಳಗೆ ಹೆಮ್ಮೆಯೂ ಆಯಿತು. ಇದನ್ನು ನಿನ್ನ ತಮ್ಮನಿಗೆ ಹೇಳಬೇಡ.

ಆ ಅಂಬಿಗರ ಹುಡುಗ ಈಗ ಪುಣೆಯಲ್ಲಿ ದುಡಿಯುತ್ತಾನಂತೆ. ದೀಪಾವಳಿಗೆ ಬಂದಾಗ ಮನೆಗೆ ಕರೆದು ಅವ್ವನ ಮುಂದೆ ಎಲ್ಲ ಹೇಳಬೇಕು ಅಂತಿದ್ದೇನೆ. ಅವಳು ಏನಂತಾಳೋ. ಅವನನ್ನು ದೇವಿಯೇ ಕಳಿಸಿದಳು ಅಂದರೆ ನಾನು ಇಲ್ಲ ಅನ್ನುವುದಿಲ್ಲ, ನೀನೂ ಜಗಳ ತೆಗೆಯಬೇಡ.

ಹೊಳೆದಂಡೆಯ ಬನ್ನಿಗಿಡ ಇನ್ನೂ ರಾಡಿಯಲ್ಲಿತ್ತು. ಈ ಸಲ ದಿಬ್ಬದ ಗಿಡದಿಂದ ಬನ್ನಿ ತಂದೆವು. ಪತ್ರದ ಮಡಿಕೆಯಲ್ಲಿ ನಾಲ್ಕು ಎಲೆ ಇಟ್ಟಿದ್ದೇನೆ. ಸಣ್ಣವರು ದೊಡ್ಡವರಿಗೆ ಕೊಡಬೇಕಾದದ್ದು. ಈ ವರ್ಷ ನಾನೇ ಮೊದಲು ಕೊಡುತ್ತಿದ್ದೇನೆ, ತಗೋ. ಅವ್ವ ರೊಟ್ಟಿ ಖಡಕ್ ಮಾಡಿದ್ದಾಳೆ, ಹದಿನೈದು ದಿನ ಇರುತ್ತವೆ. ಶೇಂಗಾ ಹಿಂಡಿಯ ಡಬ್ಬಿ ವಾಪಸ್ ಕಳಿಸು, ಮನೆಯಲ್ಲಿ ಉಳಿದದ್ದು ಅದೊಂದೇ.

ನಿನ್ನ ಅಪ್ಪ