ಮೊಲದ ಕಾಲ ಕೆಳಗೆ ಏನಿದೆ, ಸ್ವಲ್ಪ ನೋಡಿ

ಸಂಪಾದಕರಿಗೆ ನಮಸ್ಕಾರ.

ಮನೆಯೊಳಗೆ ಮೊಲ ಸಾಕುವವರು ಏನು ತಿನ್ನಿಸಬೇಕು, ಕ್ಯಾರೆಟ್ ಎಷ್ಟು ಕೊಡಬಹುದು ಅಂತೆಲ್ಲ ಕೇಳುತ್ತಾರೆ. ಅದು ದಿನವಿಡೀ ಯಾವುದರ ಮೇಲೆ ಕೂತಿರಬೇಕು ಅಂತ ಕೇಳುವವರು ಕಡಿಮೆ. ಸಾಕುಪ್ರಾಣಿಗಳ ಬಗ್ಗೆ ಬರುವ ಲೇಖನಗಳೂ ಈ ವಿಷಯವನ್ನು 'ಮೆತ್ತಗಿನ ಹಾಸಿಗೆ ಹಾಕಿ' ಅನ್ನುವ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತವೆ. ಅಷ್ಟು ಸಾಲದು, ಅದಕ್ಕೇ ಬರೆಯುತ್ತಿದ್ದೇನೆ.

ನಾಯಿ, ಬೆಕ್ಕಿನ ಅಂಗಾಲಲ್ಲಿ ದಪ್ಪ ಮೆತ್ತೆ ಇರುತ್ತದೆ. ಮೊಲಕ್ಕೆ ಅದಿಲ್ಲ. ಅಂಗಾಲಿನ ತುಂಬ ದಟ್ಟ ಕೂದಲು, ಅದರಡಿ ತೆಳು ಚರ್ಮ, ಅದಕ್ಕೆ ಅಂಟಿಕೊಂಡಂತೆ ಮೂಳೆ, ಅಷ್ಟೇ. ಮಣ್ಣಿನ ಮೇಲೆ, ಹುಲ್ಲಿನ ಮೇಲೆ ನಡೆಯುವಾಗ ಉಗುರು ನೆಲದೊಳಗೆ ಇಳಿಯುತ್ತದೆ, ಭಾರ ಪಾದದ ತುಂಬ ಹಂಚಿಹೋಗುತ್ತದೆ. ಗಟ್ಟಿ ನೆಲದಲ್ಲಿ ಉಗುರು ಇಳಿಯುವುದಿಲ್ಲ. ಬೆರಳು ಮೇಲಕ್ಕೆ ಏಳುತ್ತವೆ, ಭಾರವೆಲ್ಲ ಹಿಂಗಾಲಿನ ಹಿಮ್ಮಡಿ ಮೇಲೆ ಬೀಳುತ್ತದೆ. ಮೊದಲು ಅಲ್ಲಿ ಕೂದಲು ಸವೆಯುತ್ತದೆ, ಆಮೇಲೆ ಚರ್ಮ ಕೆಂಪಾಗುತ್ತದೆ, ಊದುತ್ತದೆ, ಹುಣ್ಣಾಗುತ್ತದೆ. ವೈದ್ಯರು ಇದನ್ನು ಪೋಡೋಡರ್ಮಟೈಟಿಸ್ ಅನ್ನುತ್ತಾರೆ. ಸೋಂಕು ಮೂಳೆವರೆಗೆ ಹೋಯಿತೆಂದರೆ ವಾಸಿ ಮಾಡುವುದು ತುಂಬಾ ಕಷ್ಟ. ರೆಕ್ಸ್ ತಳಿಯ ಮೊಲಗಳಿಗೆ ಅಂಗಾಲ ಕೂದಲೇ ಗಿಡ್ಡ, ಅವಕ್ಕೆ ಬೇಗ ಬರುತ್ತದೆ. ದಪ್ಪಗಾದ ಮೊಲಕ್ಕೆ, ಓಡಾಡದೆ ಒಂದೇ ಕಡೆ ಕೂರುವ ಮೊಲಕ್ಕೆ, ಒದ್ದೆ ಹಾಸಿಗೆಯಲ್ಲಿರುವ ಮೊಲಕ್ಕೂ ಅಷ್ಟೇ.

ಇಷ್ಟಾದರೂ ತಂತಿ ತಳದ ಪಂಜರ ಇವತ್ತಿಗೂ ಮಾರುತ್ತಾರೆ! ಹಿಕ್ಕೆ ಕೆಳಗಿನ ತಟ್ಟೆಗೆ ಬೀಳುತ್ತೆ, ಕ್ಲೀನ್ ಮಾಡೋದು ಸುಲಭ ಅಂತ ಹೇಳಿ ಕೊಡುತ್ತಾರೆ. ಆ ತೆಳು ತಂತಿಯ ಮೇಲೆ ಮೆತ್ತೆಯೇ ಇಲ್ಲದ ಕಾಲು ಊರಿಕೊಂಡು ಅದು ವರ್ಷಗಟ್ಟಲೆ ಕೂರಬೇಕು. ಚೆನ್ನಾಗಿ ನೋಡಿಕೊಂಡರೆ ಮೊಲ 8ರಿಂದ 12 ವರ್ಷ ಬದುಕುವ ಪ್ರಾಣಿ. ಈಗಾಗಲೇ ಅಂಥ ಪಂಜರ ಕೊಂಡಿದ್ದರೆ ತಳಕ್ಕೆ ಒಂದು ಹಲಗೆ ಹಾಕಿ, ಅದರ ಮೇಲೆ ಚಾಪೆಯೋ ಬಟ್ಟೆಯೋ ಹಾಸಿ.

ನುಣ್ಣನೆಯ ಟೈಲ್ಸ್‌ನ ಕಷ್ಟ ಬೇರೆ. ಕಾಲು ಜಾರುತ್ತದೆ. ಮೊಲದ ಹಿಂಗಾಲಿಗೆ ಭಾರಿ ಬಲ, ಮೂಳೆ ಮಾತ್ರ ತುಂಬಾ ಹಗುರ. ಬೆಕ್ಕಿನ ಅಸ್ಥಿಪಂಜರ ದೇಹದ ತೂಕದ ಶೇ 12–13ರಷ್ಟು ಇದ್ದರೆ ಮೊಲದ್ದು ಶೇ 7–8 ಮಾತ್ರ. ಗಾಬರಿಯಲ್ಲಿ ಜೋರಾಗಿ ಒದ್ದು ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳಬಲ್ಲ ಪ್ರಾಣಿ ಅದು. ಟೈಲ್ಸ್ ಮನೆಯ ಮೊಲವನ್ನು ಸುಮ್ನೆ ಗಮನಿಸಿ. ಚಾಪೆಯ ಅಂಚಿಗೆ ಬಂದು ನಿಲ್ಲುತ್ತದೆ, ಮುಂಗಾಲು ಒಂದನ್ನು ಟೈಲ್ಸ್ ಮೇಲಿಟ್ಟು ನೋಡುತ್ತದೆ, ವಾಪಸ್ ತೆಗೆಯುತ್ತದೆ. ಮೊಲ ಸೋಮಾರಿ, ಕೂತಲ್ಲೇ ಕೂರುತ್ತೆ ಅಂತ ನಾವು ಅಂದುಕೊಳ್ಳುತ್ತೇವೆ, ಅದಕ್ಕೆ ಜಾರುವ ಭಯ ಅಲ್ವಾ?

ಹಾಗಾದರೆ ಏನು ಹಾಸಬೇಕು? ಓಡಾಡುವ ದಾರಿಗೆ ಗಿಡ್ಡ ಎಳೆಯ, ಜಾರದ ಕಾರ್ಪೆಟ್ ಸಾಕು. ಮಲಗುವ ಕಡೆ ನನಗೆ ಫ್ಲೀಸ್ (ಮೆತ್ತನೆಯ ಸಿಂಥೆಟಿಕ್) ಬಟ್ಟೆಯೇ ಇಷ್ಟ, ಕತ್ತರಿಸಿದರೂ ದಾರ ಬಿಚ್ಚಿಕೊಳ್ಳುವುದಿಲ್ಲ, ಬೇಗ ಒಣಗುತ್ತದೆ. ಫ್ಲೀಸ್ ತಾನಾಗಿ ಹೆಚ್ಚು ನೀರು ಹೀರುವುದಿಲ್ಲ, ಹಾಗಾಗಿ ಕೆಳಗೆ ಹೀರುವ ಬಟ್ಟೆಯ ಒಂದು ಪದರ ಇರಬೇಕು. ಕುಣಿಕೆ ಕುಣಿಕೆಯಾಗಿ ನೇಯ್ದ ಟವೆಲ್ ಮೇಲ್ಗಡೆ ಬೇಡ, ಉಗುರು ಸಿಕ್ಕಿಕೊಳ್ಳುತ್ತದೆ. ಏನೇ ಹಾಸಿದರೂ ಮೊಲ ಅಂಚಿನಿಂದ ಕಡಿಯಲು ಶುರು ಮಾಡುತ್ತದೆ. ಅಂಚನ್ನು ಮಂಚದ ಕಾಲಿನಡಿಯೋ ಭಾರದ ಪೆಟ್ಟಿಗೆಯಡಿಯೋ ಸಿಕ್ಕಿಸಿಬಿಡಿ. ಇದನ್ನು ಹಗುರವಾಗಿ ತಗೋಬೇಡಿ, ಯಾಕಂದರೆ ಮೊಲಕ್ಕೆ ವಾಂತಿ ಮಾಡಲು ಆಗುವುದಿಲ್ಲ, ಒಳಗೆ ಹೋದ ಪ್ಲಾಸ್ಟಿಕ್ ಎಳೆ ಕರುಳಲ್ಲೇ ಸಿಕ್ಕಿಕೊಂಡು ಜೀವಕ್ಕೇ ಕುತ್ತು ತರಬಹುದು. ಕಡಿಯುವ ಚಟ ಜಾಸ್ತಿ ಇದ್ದರೆ ಬಣ್ಣ, ರಾಸಾಯನಿಕ ಹಾಕದ ಹುಲ್ಲಿನ ಚಾಪೆಯೇ ವಾಸಿ. ಮಕ್ಕಳ ಕೋಣೆಗೆ ಹಾಸುವ ಫೋಮ್ ಚಾಪೆ ಅಂತೂ ಬೇಡವೇ ಬೇಡ.

ಕೋಣೆಯ ನೆಲವನ್ನು ಪೂರ್ತಿ ಮುಚ್ಚಲೂಬೇಡಿ. ಮೊಲ ಬೆವರುವುದಿಲ್ಲ, ನಾಯಿಯ ಹಾಗೆ ಏದುಸಿರು ಬಿಟ್ಟು ಮೈ ತಂಪು ಮಾಡಿಕೊಳ್ಳಲೂ ಅದಕ್ಕೆ ಸರಿಯಾಗಿ ಬರುವುದಿಲ್ಲ. ಸೆಕೆಯಲ್ಲಿ ಹೊಟ್ಟೆ ಚಾಚಿ ಮಲಗಲು ಒಂದಿಷ್ಟು ಬರೀ ನೆಲ ಬೇಕು.

ಇನ್ನು ಉಚ್ಚೆ ತಟ್ಟೆಯ ವಿಷಯ. ಕಾಗದದ ಗುಳಿಗೆ (ಪೆಲೆಟ್) ಅಥವಾ ಒತ್ತಿ ಮಾಡಿದ ಮರದ ಗುಳಿಗೆ ತಳಕ್ಕೆ, ಮೇಲೆ ಒಣಹುಲ್ಲು. ಮೊಲ ಹುಲ್ಲು ತಿನ್ನುತ್ತಲೇ ಹಿಕ್ಕೆ ಹಾಕುತ್ತದೆ, ಹಾಗಾಗಿ ತಟ್ಟೆಯ ಅಭ್ಯಾಸ ಬೇಗ ಆಗುತ್ತದೆ. ಬೆಕ್ಕಿಗೆ ಬಳಸುವ, ಒದ್ದೆಯಾದರೆ ಗಂಟು ಕಟ್ಟುವ ಮಣ್ಣು ಬೇಡ, ತಿಂದರೆ ಹೊಟ್ಟೆಯೊಳಗೂ ಗಂಟೇ ಕಟ್ಟುತ್ತದೆ. ಘಮ ಬರುತ್ತದೆ ಅಂತ ಸೀಡರ್ ಅಥವಾ ಹಸಿ ಪೈನ್ ಮರ ಕೀಸಿದ ಸಿಪ್ಪೆ ಹಾಕುವವರಿದ್ದಾರೆ. ಆ ಘಮದಲ್ಲಿರುವ ರಾಸಾಯನಿಕಗಳು ಶ್ವಾಸಕ್ಕೂ ಒಳ್ಳೆಯದಲ್ಲ, ಯಕೃತ್ತಿನ ಕೆಲಸವನ್ನೂ ಏರುಪೇರು ಮಾಡುತ್ತವೆ. ದಿನಪತ್ರಿಕೆಯನ್ನು ಎಲ್ಲಕ್ಕಿಂತ ಕೆಳಗೆ ಹಾಸಬಹುದು, ಅದೊಂದನ್ನೇ ಹಾಸಿದರೆ ಒದ್ದೆ ಕಾಗದ ನೇರ ಕಾಲಿಗೆ ತಗಲುತ್ತದೆ.

ತಟ್ಟೆ ಬದಲಿಸುವ ಹೊತ್ತಾಯಿತಾ ಅಂತ ನಿಂತುಕೊಂಡು ತಿಳಿಯುವುದು ಕಷ್ಟ. ಬಗ್ಗಿ, ಮೊಲದ ಮೂಗಿನ ಮಟ್ಟಕ್ಕೆ ಹೋಗಿ ಉಸಿರೆಳೆದು ನೋಡಿ. ಅಮೋನಿಯ ಅಲ್ಲೇ ಸೇರುವುದು, ಮೊಲ ಉಸಿರಾಡುವುದು ಮೂಗಿನಲ್ಲೇ. ತಟ್ಟೆಗೆ ಅಂಟಿದ ಬಿಳಿ ಪದರ ಕ್ಯಾಲ್ಸಿಯಂ, ನೀರು ಬೆರೆಸಿದ ವಿನೆಗರ್‌ನಲ್ಲಿ ನೆನೆಸಿಟ್ಟರೆ ಬಿಡುತ್ತದೆ.

ಉಗುರು ನಾಲ್ಕರಿಂದ ಆರು ವಾರಕ್ಕೊಮ್ಮೆ ಕತ್ತರಿಸಿ. ವಾರಕ್ಕೊಮ್ಮೆ ಹಿಂಗಾಲಿನ ಕೂದಲು ಬಿಡಿಸಿ ಚರ್ಮ ನೋಡಿ. ಸಣ್ಣದೊಂದು ಬೋಳು ಜಾಗ, ತಿಳಿ ಗುಲಾಬಿ ಬಣ್ಣ, ಒಣಗಿದ ಚರ್ಮ ಇದ್ದರೆ ಗಾಬರಿ ಬೇಡ, ಹಾಸಿಗೆ ಮೆತ್ತಗೆ ಮಾಡಿ. ಕೆಂಪಾಗಿದ್ದರೆ, ಊದಿದ್ದರೆ, ಹಕ್ಕಳೆ ಕಟ್ಟಿದ್ದರೆ ಅವತ್ತೇ ಪಶುವೈದ್ಯರ ಹತ್ತಿರ ಹೋಗಿ.

ಸಂಪಾದಕರಲ್ಲಿ ಒಂದು ಕೋರಿಕೆ. ಮುಂದಿನ ಸಲ ಸಾಕುಪ್ರಾಣಿಗಳ ಬಗ್ಗೆ ಪುಟ ಮಾಡುವಾಗ ಆರೋಗ್ಯವಾಗಿರುವ ಮೊಲದ ಅಂಗಾಲು, ಹುಣ್ಣಾದ ಅಂಗಾಲು ಎರಡರ ಚಿತ್ರವನ್ನೂ ಪಕ್ಕಪಕ್ಕ ಹಾಕಿ, ಪಶುವೈದ್ಯರೊಬ್ಬರ ಕೈಲಿ ನಾಲ್ಕು ಸಾಲು ಬರೆಸಿ.

ಇಂತಿ,
ಮೊಲ ಸಾಕಿರುವ ನಿಮ್ಮ ಓದುಗ