ಅರಣ್ಯ ಸಚಿವರಿಗೊಂದು ಬಹಿರಂಗ ಪತ್ರ: ಕಪಾತು ಖರ್ಚು ನಮ್ಮದು, ಮರ ಮಾತ್ರ ಸರ್ಕಾರದ್ದಾ?

ಮಾನ್ಯ ಅರಣ್ಯ ಸಚಿವರೇ,

ನಮಸ್ಕಾರ. ಕೊಡಗಿನ ಬಾಣೆ ಜಮೀನಿನ, ಅಂದ್ರೆ ಗದ್ದೆಗೆ ಸೇರ್ಕೊಂಡಿರೋ ಮರಗಾಡಿನ ಎತ್ತರದ ಜಮೀನಿನ ಕಥೆ ನಿಮಗೆ ಹೊಸದಾಗಿ ಹೇಳ್ಬೇಕಾಗಿಲ್ಲ, ರಿಡೀಮ್ಡ್ ಯಾವ್ದು ಅನ್‌ರಿಡೀಮ್ಡ್ ಯಾವ್ದು ಅಂತ ನಮಗಿಂತ ಚೆನ್ನಾಗೇ ಗೊತ್ತಿರುತ್ತೆ. ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಹಕ್ಕು ಬಿಡಿಸ್ಕೊಂಡದ್ದು ರಿಡೀಮ್ಡ್, ಬಿಡಿಸ್ಕೊಳ್ಳದ್ದು ಅನ್‌ರಿಡೀಮ್ಡ್. ನಮ್ಮದು ಅನ್‌ರಿಡೀಮ್ಡ್. ಕಾಫಿ ನಮ್ಮದು, ಮೆಣಸು ನಮ್ಮದು, ನೆರಳು ಕೊಡೋ ಮರ ಸರ್ಕಾರದ್ದು. ಆ ಮರದ ಕೊಂಬೆ ಸವರಿಸೋ, ಅಂದ್ರೆ ಕಪಾತು ಮಾಡ್ಸೋ ಕೂಲಿ ಮಾತ್ರ ನಮ್ಮದೇ ನೋಡಿ, ಅದನ್ನ ಹಂಚ್ಕೊಳ್ಳೋಕೆ ಯಾರೂ ಬರಲ್ಲ.

ಹೋದ ಮಳೆಗಾಲ ಒಂದು ದೊಡ್ಡ ನಂದಿ ಮರ ಗಾಳಿಗೆ ಬುಡಸಮೇತ ಬಿತ್ತು, ತೋಟದ ಕೆಲಸದೋರು ಇರೋ ಲೈನ್‌ಮನೆ ಹೆಂಚು ಪುಡಿ, ಕೆಳಗಿದ್ದ ರೊಬಸ್ಟಾ ಗಿಡ ನೆಲಸಮ, ಹಬ್ಬಿದ್ದ ಮೆಣಸಿನ ಬಳ್ಳಿ ಕಾಯಿ ಸಮೇತ ಹೋಯ್ತು, ಪುಣ್ಯಕ್ಕೆ ಮನೆಯೋರು ಕೆಲಸಕ್ಕೆ ಹೋಗಿದ್ರು. ಅರ್ಜಿ ಕೊಟ್ಟೆ. ಬಂದವರು ಟೇಪ್ ಹಿಡಿದು ಸುತ್ತಳತೆ ತಗೊಂಡು, ಮಹಜರ್ ಬರ್ದು, "ಪರ್ಮಿಷನ್ ಬರೋವರ್ಗೂ ಮುಟ್ಬೇಡಿ, ಮುಟ್ಟಿದ್ರೆ ಕೇಸು" ಅಂದ್ರು. ಹೆಂಚಿನ ಬಗ್ಗೆ ಒಂದು ಮಾತಿಲ್ಲ! ಈಗ ದಿಮ್ಮಿ ಮೇಲೆ ಅಣಬೆ ಎದ್ದಿದೆ, ಒಳಗೆಲ್ಲಾ ಗೆದ್ದಲು. ನಮಗೂ ಇಲ್ಲ, ಸರ್ಕಾರಕ್ಕೂ ಇಲ್ಲ. ಲೈನ್‌ಮನೆಯೋರು ಇನ್ನೂ ಟಾರ್ಪಾಲ್ ಕೆಳಗೇ ಇದಾರೆ.

ಬಾಣೆ ಮರದ ಹಕ್ಕು ಬಾಣೆಯವನಿಗೆ ಕೊಡಿ ಸ್ವಾಮಿ.

ಪಕ್ಕದ ತೋಟದವರು ಬುದ್ಧಿವಂತರು, ಕಾಡುಮರ ಹೋದಲ್ಲೆಲ್ಲಾ ಸಿಲ್ವರ್ ಓಕ್. ಆಸ್ಟ್ರೇಲಿಯಾದ ಮರ, ಬೇಗ ಬೆಳೆಯುತ್ತೆ, ಕಡಿಯೋಕೆ ಈ ತಲೆನೋವಿಲ್ಲ. ಕಳೆ ತೆಗೆಯುವಾಗ ತಾನಾಗೇ ಹುಟ್ಟಿದ ನಂದಿ ಸಸಿ ಕಂಡ್ರೆ ಕಿತ್ತೇ ಬಿಡ್ತಾರೆ, ಬೆಳೆದ್ರೆ ಸರ್ಕಾರದ್ದಾಗುತ್ತಲ್ಲ! ಅತ್ತಿ ಹಣ್ಣಿಗೆ ಬರೋ ಹಕ್ಕಿಗೆ ಸಿಲ್ವರ್ ಓಕಲ್ಲಿ ಏನಿದೆ ತಿನ್ನೋಕೆ? ಅದರ ಎಲೆ ಬೇಗ ಕೊಳೆತು ಗೊಬ್ಬರಾನೂ ಆಗಲ್ಲ. ಹೆಜ್ಜೇನು ಗೂಡು ಕಟ್ಟೋಕೆ ಅಗಲ ಕೊಂಬೆಯ ದೊಡ್ಡ ಮರ ಹುಡುಕುತ್ತೆ, ಆ ಜೇನು ಬರದಿದ್ರೆ ರೊಬಸ್ಟಾ ಹೂವು ಕಾಯಿ ಕಟ್ಟೋದೇ ಕಷ್ಟ. ಮಳೆನೀರು ಇಂಗಿಸಿ ಕಾವೇರಿಗೆ ಬಿಡೋದೂ ಈ ನೆರಳೇ, ಬೆಂಗಳೂರಿನ ನಲ್ಲಿವರೆಗೂ ಅದು ಹೋಗುತ್ತೆ. ಇದಕ್ಕೆಲ್ಲಾ ನಮಗೆ ನಯಾಪೈಸೆ ಬೇಡ.

2018ರಲ್ಲಿ ಗುಡ್ಡ ಕುಸಿದಾಗ ಮರ ಉಳಿಸಿ ಅಂತ ನಮಗೇ ಪಾಠ ಹೇಳಿದ್ರು. ಉಳಿಸ್ತೀವಿ, ಆದ್ರೆ ನಮ್ಮದು ಅಂತ ಅನ್ನಿಸ್ಬೇಕಲ್ಲ? ಕಳ್ಳರ ಕಣ್ಣಿರೋ ಗಂಧದ ಮರಕ್ಕೇ 2001ರಲ್ಲಿ ಕಾನೂನು ತಿದ್ದಿ ಜಮೀನಿನ ಮಾಲೀಕನಿಗೆ ಹಕ್ಕು ಕೊಟ್ಟಾಯ್ತು. ನಂದಿ, ಮತ್ತಿ ಏನು ಪಾಪ ಮಾಡಿದ್ವು?

ಮೊದಲು ಬಿದ್ದ ಮರ ತೆಗೆಯೋಕಾದ್ರೂ ಮುಂದಿನ ಜೂನ್ ಒಳಗೆ ಆರ್ಡರ್ ಮಾಡ್ಸಿ, ಆಮೇಲೆ ಬಾಣೆ ಮರದ ಹಕ್ಕು ಬಾಣೆಯವನಿಗೆ ಕೊಡಿ. "ಪರಿಶೀಲಿಸಲಾಗುವುದು" ಅಂತ ಮಾತ್ರ ಬರೀಬೇಡಿ, ಆ ಕಾಗದ ನನ್ನ ಹತ್ರ ಬೇಕಾದಷ್ಟಿದೆ.

ಇತಿ,
ಕೊಡಗಿನ ಒಬ್ಬ ಬೆಳೆಗಾರ